ಹೆಗ್ಗುರುತುಗಳ ಅರ್ಥ ಮತ್ತು ಪ್ರಯೋಜನ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)

ಶ್ರೀ ವೀತರಾಗಾಯ ನಮಃ



ಬಸದಿಯ ಪ್ರತಿಷ್ಠೆಯೆಂದರೆ ಜಿನಬಿಂಬದ ಪ್ರತಿಷ್ಠೆಯೆಂಬುದು ಸರ್ವವಿದಿತ. ಆದರೆ ಅದರ ಜೊತೆಯಲ್ಲಿಯೇ ಇನ್ನೊಂದು ಕಾರ್ಯವೂ ಸದ್ದಿಲ್ಲದೆ ನೆರವೇರುತ್ತದೆ. ಊರಿನ ನೆಲದ ಮೇಲೆ ಹೊಸದೊಂದು ಗುರುತು ಮೂಡುತ್ತದೆ. ನಾಳೆಯಿಂದ ದಾರಿ ಕೇಳಿದ ಪರಸ್ಥಳದವರಿಗೆ ಬಸದಿಯ ಮುಂದಿನಿಂದ ಹೋಗಿರಿ ಎಂದು ಊರವರು ಹೇಳುವರು. ಹೊಲಗದ್ದೆಗಳ ಪತ್ರಗಳಲ್ಲಿ ಬಸದಿಯ ಮೂಡಣ ಭಾಗ, ಪಡುವಣ ಭಾಗ ಎಂಬ ಮಾತುಗಳು ಸೇರುವುವು. ಇಂದಿನ ಮಕ್ಕಳು ಮುದುಕರಾದಾಗ, ಮಾನಸ್ತಂಭವನ್ನು ನಿಲ್ಲಿಸಿದ ವರ್ಷ ಎಂದು ಕಾಲವನ್ನು ಎಣಿಸುವರು. ಹೀಗೆ ಒಂದು ಕಟ್ಟಡವು ದಾರಿಗೂ ಗಡಿಗೂ ನೆನಪಿಗೂ ಏಕಕಾಲದಲ್ಲಿ ಆಧಾರವಾದಾಗ ಅದನ್ನು ಹೆಗ್ಗುರುತು ಎನ್ನಬೇಕು.

ಗುರುತು ಎಂಬುದು ಜೈನರಿಗೆ ಹೊಸ ವಿಚಾರವಲ್ಲ. ಇಪ್ಪತ್ತನಾಲ್ವರು ತೀರ್ಥಂಕರರ ಬಿಂಬಗಳು ಮುಖಮುದ್ರೆಯಲ್ಲಿಯೂ ಆಸನದಲ್ಲಿಯೂ ಒಂದನ್ನೊಂದು ಹೋಲುತ್ತವೆ. ವೃಷಭವಿದ್ದರೆ ಆದಿನಾಥ, ಚಂದ್ರನಿದ್ದರೆ ಚಂದ್ರನಾಥ, ಸಿಂಹವಿದ್ದರೆ ಮಹಾವೀರ ಎಂದು ತಿಳಿಸುವುದು ಪೀಠದ ಮೇಲಿನ ಚಿಕ್ಕ ಲಾಂಛನ ಮಾತ್ರ. ಲಾಂಛನವಿಲ್ಲದ ಪ್ರಾಚೀನ ಬಿಂಬದ ಮುಂದೆ ಭಕ್ತನು ಕೈಮುಗಿಯಬಲ್ಲನು. ಆದರೆ ಅದು ಯಾವ ತೀರ್ಥಂಕರರದೆಂದು ಹೇಳಲು ಪಂಡಿತನೂ ತಡವರಿಸುತ್ತಾನೆ. ಸಮ್ಮೇದಶಿಖರದಲ್ಲಿ ಇಪ್ಪತ್ತು ತೀರ್ಥಂಕರರು ಮೋಕ್ಷಕ್ಕೆ ಸಂದ ನೆಲೆಗಳನ್ನು ಯಾತ್ರಿಕರಿಗೆ ತೋರಿಸಿಕೊಡುವುವು ಅಲ್ಲಿಯ ಚರಣಪಾದುಕೆಗಳು. ಗುರುತು ಪೂಜ್ಯವಸ್ತುವಿಗೆ ಸಮಾನವಲ್ಲ. ಆದರೆ ಅದಿಲ್ಲದಿದ್ದರೆ ಪೂಜ್ಯವಸ್ತುವಿನ ಅರಿವಿಗೆ ದಾರಿಯೇ ಇಲ್ಲ.

ಹೆಗ್ಗುರುತಿನ ಮೊದಲನೆಯ ಪ್ರಯೋಜನ ದಾರಿ ತೋರುವುದು. ಶ್ರವಣಬೆಳಗೊಳದ ಹೆಸರನ್ನೇ ನೋಡಬಹುದು. ಬೆಳ್ ಎಂದರೆ ಬಿಳಿದು. ಬೆಳಗೊಳವೆಂದರೆ ಬಿಳಿಯ ಕೊಳ. ಎರಡು ಬೆಟ್ಟಗಳ ನಡುವಿನ ಒಂದು ನೀರಿನಾಶ್ರಯವೇ ಇಡಿಯ ಊರಿಗೆ ಹೆಸರು ಕೊಟ್ಟಿತು. ಮುಂದೆ ಗಂಗರ ಮಂತ್ರಿ ಚಾವುಂಡರಾಯನು ದೊಡ್ಡಬೆಟ್ಟದ ತುದಿಯಲ್ಲಿ ಸುಮಾರು 58 ಅಡಿಯ ಗೊಮ್ಮಟಮೂರ್ತಿಯನ್ನು ಮಾಡಿಸಿದ ಬಳಿಕ, ಕೊಳದ ಗುರುತಿಗಿಂತ ಮಿಗಿಲಾದ ಗುರುತು ಆ ಸೀಮೆಗೆ ದೊರೆಯಿತು. ಬಯಲಿನಿಂದ ಸುಮಾರು 470 ಅಡಿ ಎತ್ತರಕ್ಕೆ ಏರಿದ ಹೆಬ್ಬಂಡೆಯ ಮೇಲೆ ಉತ್ತರಾಭಿಮುಖವಾಗಿ ನಿಂತ ಆ ಮೂರ್ತಿಯು ಹಲವು ಮೈಲಿಗಳ ದೂರಕ್ಕೆ ಕಾಣಿಸುತ್ತದೆ. ಕಾಲ್ನಡೆಯ ಯಾತ್ರಿಕನಿಗೆ ದೂರದ ಆ ದರ್ಶನವು ದಾರಿಯ ಸೂಚನೆಯೂ ಹೌದು, ದಣಿವಿಗೆ ಸಾಂತ್ವನವೂ ಹೌದು.

ತುಳುನಾಡಿನಲ್ಲಿಯೂ ಇದೇ ಪರಂಪರೆ ಮುಂದುವರಿಯಿತು. ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯನು 1432ರಲ್ಲಿ ಬಾಹುಬಲಿಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ವೇಣೂರಿನಲ್ಲಿ ಫಲ್ಗುಣಿ ನದಿಯ ಬಳಿ ತಿಮ್ಮರಾಜ ಅಜಿಲನು 1604ರಲ್ಲಿ ಇನ್ನೊಂದು ಮೂರ್ತಿಯನ್ನು ನಿಲ್ಲಿಸಿದನು. ಕಾರ್ಕಳದಲ್ಲಿ ಕೆತ್ತಿಸಲ್ಪಟ್ಟ 39 ಅಡಿಯ ಮೂರ್ತಿಯು ಧರ್ಮಸ್ಥಳದ ಬೆಟ್ಟವನ್ನೇರಿ 1982ರಲ್ಲಿ ಪ್ರತಿಷ್ಠೆಗೊಂಡಿತು. ಇವೆಲ್ಲವುಗಳಲ್ಲಿಯೂ ಒಂದು ಸಂಗತಿ ಗಮನಾರ್ಹವಾಗಿದೆ. ಈ ಮೂರ್ತಿಗಳು ಗರ್ಭಗೃಹದ ಮರೆಯಲ್ಲಿಲ್ಲ. ಬಯಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿವೆ. ಜೈನನಲ್ಲದ ರೈತನೂ, ಸಂತೆಗೆ ಹೋಗುವ ವ್ಯಾಪಾರಿಯೂ ಅವನ್ನು ತಮ್ಮ ಊರಿನ ಗುರುತೆಂದೇ ಭಾವಿಸುತ್ತಾರೆ. ಹೆಗ್ಗುರುತು ಕಟ್ಟಿದವರ ಸೊತ್ತಾಗಿಯೇ ಉಳಿಯುವುದಿಲ್ಲ. ಅದನ್ನು ನೋಡಿ ದಾರಿ ಹಿಡಿದವರೆಲ್ಲರಿಗೂ ಅದರಲ್ಲಿ ಪಾಲುಂಟು.

ಹೆಗ್ಗುರುತಿನ ಎರಡನೆಯ ಪ್ರಯೋಜನ ಎಲ್ಲೆಯನ್ನು ತಿಳಿಸುವುದು. ಪ್ರಾಚೀನ ದಾನಶಾಸನಗಳನ್ನು ಓದಿದವರಿಗೆ ಅವುಗಳಲ್ಲಿ ಬರುವ ಗಡಿಯ ವಿವರಗಳು ಪರಿಚಿತವೇ. ಮೂಡಲಲ್ಲಿ ಹುಣಸೆಯ ಮರ, ತೆಂಕಲಲ್ಲಿ ಹಳ್ಳ, ಪಡುವಲಲ್ಲಿ ಮೊರಡಿ, ಬಡಗಲಲ್ಲಿ ನಟ್ಟ ಕಲ್ಲು ಎಂಬ ಬಗೆಯ ವರ್ಣನೆಯಿಂದ ಭೂಮಿಯ ನಾಲ್ಕು ದಿಕ್ಕುಗಳನ್ನು ಅವು ಕಟ್ಟಿಕೊಡುತ್ತವೆ. ನಕ್ಷೆಯಿಲ್ಲದ ಕಾಲದಲ್ಲಿ ಈ ಮಾತುಗಳೇ ನಕ್ಷೆ. ಮರ ಒಣಗಬಹುದು, ಹಳ್ಳ ಹರಿವನ್ನು ಬದಲಿಸಬಹುದು. ಆದಕಾರಣ ಕಲ್ಲನ್ನು ನೆಡುವ ಪದ್ಧತಿ ಬಲವಾಗಿ ಬೇರೂರಿತು. ಆ ಕಲ್ಲು ಯಾವ ದೇವರ ಭೂಮಿಗೆ ಸೇರಿದುದೆಂಬುದು ಅಕ್ಷರ ಬಾರದವನಿಗೂ ತಿಳಿಯಬೇಕು. ಅದಕ್ಕಾಗಿ ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲನ್ನೂ, ವಿಷ್ಣುವಿನ ದೇವಾಲಯದ ಭೂಮಿಗೆ ವಾಮನಮುದ್ರೆಯ ಕಲ್ಲನ್ನೂ, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲನ್ನೂ ನೆಡುತ್ತಿದ್ದರು. ಜಿನೇಶ್ವರನ ಶಿರದ ಮೇಲಣ ಛತ್ರತ್ರಯವೇ ಹೊಲದ ಬದುವಿನಲ್ಲಿ ಮುಕ್ಕೊಡೆಯಾಗಿ ನಿಂತಿತು.

ಅಂತಹ ಒಂದು ಕಲ್ಲಿನ ಹಿಂದೆ ಎಷ್ಟು ವ್ಯವಸ್ಥೆ ಅಡಗಿತ್ತೆಂಬುದನ್ನು ಊಹಿಸಬೇಕು. ಆ ಗಡಿಯೊಳಗಿನ ಬೆಳೆಯಿಂದ ಬಸದಿಯ ಅಷ್ಟವಿಧಾರ್ಚನೆ ನಡೆಯುತ್ತಿತ್ತು. ಋಷಿಗಳ ಆಹಾರದಾನ ನಡೆಯುತ್ತಿತ್ತು. ಜೀರ್ಣೋದ್ಧಾರಕ್ಕೆ ದ್ರವ್ಯ ಒದಗುತ್ತಿತ್ತು. ಕಲ್ಲು ಸರಿದರೆ ದೀಪ ನಂದುತ್ತಿತ್ತು. ದಾನವನ್ನು ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದೆಂಬ ಶಾಪವಾಕ್ಯವನ್ನು ಶಾಸನದ ಕೊನೆಗೆ ಕೆತ್ತಿಸುತ್ತಿದ್ದುದು ಈ ಭಯದಿಂದಲೇ. ಇಂದು ಸರ್ವೆ ನಂಬರು, ನಕ್ಷೆ, ಪಹಣಿಗಳು ಗಡಿಯನ್ನು ನಿರ್ಣಯಿಸುತ್ತವೆ. ಮುಕ್ಕೊಡೆಯ ಕಲ್ಲಿಗೆ ಹಿಂದಿನ ಕಾರ್ಯಭಾರ ಉಳಿದಿಲ್ಲ. ಆದರೂ ಅದು ನಿಷ್ಪ್ರಯೋಜಕವಾಯಿತೆಂದು ತಿಳಿಯುವುದು ತಪ್ಪು. ಬಸದಿಯ ಒಂದು ಇಟ್ಟಿಗೆಯೂ ಉಳಿಯದ, ಒಂದು ಜೈನ ಮನೆಯೂ ಇಲ್ಲದ ಹಳ್ಳಿಯ ಹೊಲದಲ್ಲಿ ಮುಕ್ಕೊಡೆಯ ಕಲ್ಲೊಂದು ನಿಂತಿದ್ದರೆ, ಒಂದು ಕಾಲದಲ್ಲಿ ಜಿನಪೂಜೆಗಾಗಿ ಆ ನೆಲವನ್ನು ಬಿಟ್ಟುಕೊಟ್ಟವರಿದ್ದರೆಂಬುದಕ್ಕೆ ಅದೇ ಸಾಕ್ಷಿ. ಗಡಿಯ ಕೆಲಸದಿಂದ ನಿವೃತ್ತವಾದ ಕಲ್ಲು ಇತಿಹಾಸದ ಕೆಲಸಕ್ಕೆ ನೇಮಕಗೊಂಡಿದೆ.

ಮೂರನೆಯ ಪ್ರಯೋಜನ ನೆನಪನ್ನು ಕಾಯುವುದು. ಇದಕ್ಕೆ ಬೆಳಗೊಳದ ಚಿಕ್ಕಬೆಟ್ಟಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಪ್ರಾಚೀನ ಶಾಸನಗಳಲ್ಲಿ ಕಟವಪ್ರವೆಂದೂ ಕಳ್ಬಪ್ಪು ಎಂದೂ ಕರೆಯಿಸಿಕೊಂಡ ಆ ಬೆಟ್ಟವು ಭದ್ರಬಾಹು ಸ್ವಾಮಿಗಳ ಮತ್ತು ಚಂದ್ರಗುಪ್ತ ಮುನಿಗಳ ಐತಿಹ್ಯದಿಂದ ಪವಿತ್ರವಾದುದು. ಅಲ್ಲಿಯ ಅತಿ ಪ್ರಾಚೀನ ಶಾಸನವು ಸುಮಾರು ಕ್ರಿ.ಶ. 600ರದು. ಅನಂತರದ ಶತಮಾನಗಳಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದ ಮುನಿಗಳ, ಕಂತಿಯರ, ಶ್ರಾವಕ ಶ್ರಾವಿಕೆಯರ ನಿಷಿಧಿಗಳು ಆ ಬಂಡೆಯನ್ನು ಆವರಿಸಿದುವು. ಮೊದಮೊದಲ ಬರಹಗಳಲ್ಲಿ ಕೆಲವು ಒಂದೆರಡು ಸಾಲುಗಳಿಗೆ ಮುಗಿಯುತ್ತವೆ. ಇಂತಹವರು ಇಲ್ಲಿ ನೋಂತು ಮುಡಿಪಿದರು ಎಂಬಷ್ಟೇ ಮಾತು. ನಡೆಯುವ ಬಂಡೆಯ ಮೇಲೆಯೇ ಕೆತ್ತಿದ ಆ ಅಕ್ಷರಗಳಲ್ಲಿ ಸ್ವಪ್ರಶಂಸೆಯ ಸುಳಿವೇ ಇಲ್ಲ.

ಅರಸರೂ ಆ ಬೆಟ್ಟದಲ್ಲಿ ನೆನಪಾಗಿ ನಿಂತಿದ್ದಾರೆ. ಗಂಗರ ಮಾರಸಿಂಹನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಕ್ರಿ.ಶ. 974ರಲ್ಲಿ ಮೂರು ದಿನಗಳ ಸಲ್ಲೇಖನದಿಂದ ಮುಡಿಪಿದನು. ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಅವನ ಶೌರ್ಯವನ್ನೂ ಈ ಅಂತ್ಯವನ್ನೂ ಹೇಳುತ್ತದೆ. ರಾಷ್ಟ್ರಕೂಟ ವಂಶದ ನಾಲ್ವಡಿ ಇಂದ್ರನು 982ರಲ್ಲಿ ಬೆಳಗೊಳದಲ್ಲಿಯೇ ದೇಹತ್ಯಾಗ ಮಾಡಿದನು. ಪಟ್ಟಮಹಾದೇವಿ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದ ಬಳಿಕ, ಆಕೆಯ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತವನ್ನು ಕೈಗೊಂಡುದನ್ನು ಅಲ್ಲಿಯ ಶಾಸನ ತಿಳಿಸುತ್ತದೆ. ಕಲ್ಲುಗಳಿಲ್ಲದಿದ್ದರೆ ಮಗಳನ್ನು ಕಳೆದುಕೊಂಡ ಆ ತಾಯಿಯ ವೈರಾಗ್ಯದ ಕಥೆಯನ್ನು ಹೇಳುವವರಾರು?

ಈ ನೆನಪು ತಾನಾಗಿ ಉಳಿಯಲಿಲ್ಲವೆಂಬುದನ್ನೂ ಮರೆಯಬಾರದು. 1889ರಲ್ಲಿ ಬಿ. ಎಲ್. ರೈಸ್ ಅವರು ಶ್ರವಣಬೆಳಗೊಳದ ಶಾಸನಗಳನ್ನು ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು ಮತ್ತೆ ಮತ್ತೆ ಹುಡುಕಿ, 1923ರ ಪರಿಷ್ಕೃತ ಆವೃತ್ತಿಯಲ್ಲಿ 500 ಶಾಸನಗಳನ್ನು ನೀಡಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಆ ಸಂಖ್ಯೆ 573ಕ್ಕೆ ಏರಿತು. ಬೆಟ್ಟ ಅದೇ, ಬಂಡೆಗಳು ಅವೇ. ಹೆಚ್ಚಿದುದು ನೋಡುವ ಕಣ್ಣು. ಓದುವವರು ಬಂದಂತೆಲ್ಲ ಕಲ್ಲು ಮಾತನಾಡುತ್ತದೆ; ಓದುವವರಿಲ್ಲದಿದ್ದರೆ ಅದು ಬರಿಯ ಬಂಡೆ.

ಮೇಲಿನ ಮೂರು ಪ್ರಯೋಜನಗಳೂ ಒಂದೆಡೆ ಕೂಡಿದ ಶಾಸನವೊಂದು ಬೆಳಗೊಳದ ಭಂಡಾರಿ ಬಸದಿಯಲ್ಲಿದೆ. ಅದರ ಕಾಲ 1368. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ತಲೆದೋರಿತು. ತಮಗೆ ಅನ್ಯಾಯವಾಗುತ್ತಿದೆಯೆಂದು ನಾಡುನಾಡುಗಳ ಜೈನರು ಅರಸನಲ್ಲಿ ಬಿನ್ನಹ ಮಾಡಿಕೊಂಡರು. ಅರಸನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ, ಕಲಶಗಳ ಗೌರವವು ಜೈನರಿಗೆ ಹಿಂದಿನಂತೆ ಸಲ್ಲತಕ್ಕುದೆಂದು ವಿಧಿಸಿದನು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣವನ್ನು ಸಂಗ್ರಹಿಸಿ, ಗೊಮ್ಮಟದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ಒಪ್ಪಿಸಲಾಯಿತು. ಈ ಕಟ್ಟಳೆಯ ಶಾಸನವನ್ನು ರಾಜ್ಯದ ಎಲ್ಲ ಬಸದಿಗಳಲ್ಲಿಯೂ ಶ್ರೀವೈಷ್ಣವರೇ ನೆಟ್ಟು ಪಾಲಿಸಬೇಕೆಂದು ವಿಧಿಸಿದುದು ವಿಶೇಷ. ಮಾಗಡಿಯ ಸೀಮೆಯ ಕಲ್ಯದಲ್ಲಿ ಅದರ ಪ್ರತಿಯೊಂದು ದೊರೆತಿದೆ.

ಅರಸನ ಬಾಯಿಮಾತು ಅರಮನೆಯಲ್ಲಿಯೇ ಉಳಿದಿದ್ದರೆ ಅರಸನೊಡನೆ ಅಳಿದುಹೋಗುತ್ತಿತ್ತು. ಕಲ್ಲಾಗಿ ಬಸದಿಯಲ್ಲಿ ನಿಂತುದರಿಂದ ಅದು ದಾರಿಹೋಕನಿಗೂ ಅಧಿಕಾರಿಗೂ ನಾಳಿನ ಪೀಳಿಗೆಗೂ ಉತ್ತರ ಹೇಳುವ ದಾಖಲೆಯಾಯಿತು. ಇಲ್ಲಿ ಹೆಗ್ಗುರುತು ಇಬ್ಬರ ಹೊಲಗಳ ನಡುವಿನ ಗಡಿಯಲ್ಲ. ಇಬ್ಬರ ನಡುವಿನ ಸೌಹಾರ್ದದ ಗುರುತು.

ಇನ್ನು ಮಾನಸ್ತಂಭದ ವಿಚಾರ. ಸಮವಸರಣದ ನಾಲ್ಕು ದಿಕ್ಕುಗಳಲ್ಲಿಯೂ ಮಾನಸ್ತಂಭಗಳಿರುತ್ತವೆಂದು ಪುರಾಣಗಳು ವರ್ಣಿಸುತ್ತವೆ. ತನ್ನ ಪಾಂಡಿತ್ಯದ ಗರ್ವದಿಂದ ವಾದಕ್ಕೆಂದು ಹೊರಟ ಇಂದ್ರಭೂತಿ ಗೌತಮನು ಮಹಾವೀರ ಸ್ವಾಮಿಯ ಸಮವಸರಣದ ಮಾನಸ್ತಂಭವನ್ನು ಕಂಡ ಮಾತ್ರಕ್ಕೆ ಅವನ ಮಾನವೆಲ್ಲ ಕರಗಿತು. ವಾದಿಯಾಗಿ ಬಂದವನು ಮೊದಲ ಗಣಧರನಾದನು. ಕನ್ನಡ ನಾಡಿನ ಬಸದಿಗಳ ಮುಂದಿನ ಮಾನಸ್ತಂಭಗಳು ಈ ಪ್ರಸಂಗದ ಸ್ಮಾರಕಗಳೇ. ಅವುಗಳ ತುದಿಯಲ್ಲಿ ನಾಲ್ಕು ದಿಕ್ಕಿಗೂ ಮುಖ ಮಾಡಿದ ಜಿನಬಿಂಬಗಳಿರುತ್ತವೆ. ಬ್ರಹ್ಮದೇವರ ಕಂಬಗಳ ಮೇಲಾದರೋ ಬ್ರಹ್ಮಯಕ್ಷನಿರುತ್ತಾನೆ. ಕಾರ್ಕಳದ ಗೊಮ್ಮಟನ ಮುಂದೆ ವೀರಪಾಂಡ್ಯನು 1436ರಲ್ಲಿ ನಿಲ್ಲಿಸಿದ ಕಂಬ ಈ ಎರಡನೆಯ ಬಗೆಯದು. ಲೋಕದ ಇತರ ಸ್ತಂಭಗಳು ಗೆದ್ದವನ ಮಾನವನ್ನು ಎತ್ತಿ ಹಿಡಿಯುತ್ತವೆ. ಮಾನಸ್ತಂಭವು ನೋಡಿದವನ ಮಾನವನ್ನು ಇಳಿಸುತ್ತದೆ. ಎತ್ತರವಾಗಿ ನಿಂತು ವಿನಯವನ್ನು ಬೋಧಿಸುವ ಗುರುತು ಅದು.

ಈ ಬೋಧೆಯನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ಬೆಳಗೊಳದ ದೊಡ್ಡಬೆಟ್ಟದಲ್ಲಿಯೇ ಒಂದು ಕಠಿನವಾದ ಪಾಠವಿದೆ. ಅಲ್ಲಿಯ ತ್ಯಾಗದ ಬ್ರಹ್ಮದೇವರ ಕಂಬದ ಬುಡದಲ್ಲಿ ಚಾವುಂಡರಾಯನ ಪರಾಕ್ರಮಗಳನ್ನು ವರ್ಣಿಸುವ ದೀರ್ಘವಾದ ಶಾಸನವಿತ್ತು. ಸುಮಾರು ಕ್ರಿ.ಶ. 1200ರ ವೇಳೆಗೆ ಹೆಗ್ಗಡೆ ಕಣ್ಣ ಎಂಬುವನು ಆ ಕಂಬದ ಮೇಲೆ ಯಕ್ಷನನ್ನು ಮಾಡಿಸಿದನು. ತನ್ನ ಸೇವೆಯನ್ನು ತಿಳಿಸುವ ಎರಡು ಮೂರು ಸಾಲುಗಳನ್ನು ಕೆತ್ತಿಸುವ ಸಲುವಾಗಿ ಅವನು ಚಾವುಂಡರಾಯನ ಶಾಸನವಿದ್ದ ಮೂರು ಮುಖಗಳನ್ನು ಅಳಿಸಿಹಾಕಿಸಿದನೆಂದು ವಿದ್ವಾಂಸರು ಭಾವಿಸುತ್ತಾರೆ. ಇಂದು ಉಳಿದಿರುವುದು ಒಂದೇ ಮುಖದ ಬರಹ. ಅದು ಅರ್ಧಕ್ಕೇ ನಿಂತುಹೋಗುತ್ತದೆ.

ಆ ನಷ್ಟ ಸಾಮಾನ್ಯವಾದುದಲ್ಲ. ಗೊಮ್ಮಟಮೂರ್ತಿಯ ಪಾದದ ಬಳಿಯ ಬರಹಗಳಲ್ಲಿ ಇಸವಿಯಿಲ್ಲ. ಚಾವುಂಡರಾಯನೇ 978ರಲ್ಲಿ ರಚಿಸಿದ ಪುರಾಣದಲ್ಲಿ ಮೂರ್ತಿಯ ಪ್ರಸ್ತಾಪವಿಲ್ಲ. ಆದಕಾರಣ ಪ್ರತಿಷ್ಠೆಯ ವರ್ಷವನ್ನು 981 ಎಂದು ರೂಢಿಯಲ್ಲಿ ಹೇಳುತ್ತಾರಾದರೂ ಅದನ್ನು ನೇರವಾಗಿ ತಿಳಿಸುವ ಸಮಕಾಲೀನ ಶಾಸನವಿಲ್ಲ. ಅಳಿದುಹೋದ ಆ ಮೂರು ಮುಖಗಳಲ್ಲಿ ಏನೇನು ಇತ್ತೆಂಬುದು ಇನ್ನು ಯಾರಿಗೂ ದಕ್ಕದು. ಹೆಗ್ಗಡೆ ಕಣ್ಣನು ಪಾಪಿಷ್ಠನಲ್ಲ. ದೇವರ ಸೇವೆ ಮಾಡಿದ ಭಕ್ತನೇ. ಪರಧರ್ಮೀಯರ ದಾಳಿಯಿಂದಲ್ಲ, ಸ್ವಧರ್ಮೀಯನ ಭಕ್ತಿಯಿಂದಲೇ ಈ ಹಾನಿ ಸಂಭವಿಸಿತೆಂಬುದು ಯೋಚಿಸತಕ್ಕ ವಿಷಯ.

ಅದೇ ಬೆಟ್ಟದಲ್ಲಿ ಇದಕ್ಕೆ ಎದುರಾದ ಮಾದರಿಯೂ ಇದೆ. ಗೊಮ್ಮಟಮೂರ್ತಿಯ ಪಾದಗಳ ಇಕ್ಕೆಲಗಳಲ್ಲಿ, ಚಾವುಂಡರಾಜನು ಇದನ್ನು ಮಾಡಿಸಿದನೆಂಬ ಅತಿ ಚಿಕ್ಕ ಒಕ್ಕಣೆ ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿದೆ. ಶತಮಾನದ ಬಳಿಕ ಸುತ್ತಾಲಯವನ್ನು ಕಟ್ಟಿಸಿದ ಹೊಯ್ಸಳರ ದಂಡನಾಯಕ ಗಂಗರಾಜನ ಹೆಸರೂ ಅಲ್ಲಿಯೇ ಇದೆ. ಗಂಗರಾಜನ ಬರಹ ಚಾವುಂಡರಾಯನ ಬರಹವನ್ನು ಅಳಿಸಲಿಲ್ಲ. ಅದರ ಜೊತೆಯಲ್ಲಿ ನಿಂತಿತು. ಹೊಸ ಸೇವೆಯು ಹಳೆಯ ಸೇವೆಯನ್ನು ಗೌರವಿಸುವ ರೀತಿ ಇದು. ಒಂದೇ ಬೆಟ್ಟದ ಮೇಲಿರುವ ಗಂಗರಾಜನ ದಾರಿ ಮತ್ತು ಹೆಗ್ಗಡೆ ಕಣ್ಣನ ದಾರಿ, ಈ ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆ ಜೀರ್ಣೋದ್ಧಾರಕ್ಕೆ ಕೈಹಾಕಿದ ಪ್ರತಿಯೊಂದು ಸಮಿತಿಯ ಮುಂದೆಯೂ ಇದೆ.

ಜೀರ್ಣೋದ್ಧಾರವು ಮಹಾಪುಣ್ಯದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜೀರ್ಣವಾದುದನ್ನು ಉದ್ಧರಿಸುವುದು ಬೇರೆ, ಅದರ ಗುರುತನ್ನೇ ಹೂಳುವುದು ಬೇರೆ. ಹಳೆಯ ನೆಲಗಟ್ಟನ್ನು ಕಿತ್ತು ನುಣುಪಾದ ಕಲ್ಲನ್ನು ಹಾಸುವಾಗ, ಕೆಳಗಿನ ಚಪ್ಪಡಿಯಲ್ಲಿ ಅಕ್ಷರಗಳಿವೆಯೇ ಎಂದು ನೋಡುವವರು ವಿರಳ. ಶಾಸನದ ಮೇಲೆ ಸುಣ್ಣ, ಎಣ್ಣೆಬಣ್ಣ, ಸಿಮೆಂಟುಗಳು ಬಿದ್ದರೆ ಓದು ಅಸಾಧ್ಯವಾಗುತ್ತದೆ. ನಿಷಿಧಿಕಲ್ಲು ಬಟ್ಟೆ ಒಗೆಯುವ ಕಲ್ಲಾಗುವುದೂ, ಮುಕ್ಕೊಡೆಯ ಕಲ್ಲು ಮೋರಿಗೆ ಅಡ್ಡಹಾಸಾಗುವುದೂ ಅಜ್ಞಾನದಿಂದಲೇ ಹೊರತು ದ್ವೇಷದಿಂದಲ್ಲ. 1958ರ ಕೇಂದ್ರ ಕಾಯಿದೆ ಮತ್ತು 1961ರ ರಾಜ್ಯದ ಕಾಯಿದೆಗಳು ಪ್ರಾಚೀನ ಸ್ಮಾರಕಗಳಿಗೆ ರಕ್ಷಣೆ ನೀಡುತ್ತವೆ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಹೊಲದ ಬದುವಿನ, ಕೆರೆಯ ಏರಿಯ, ಹಿತ್ತಿಲಿನ ಮೂಲೆಯ ಒಂಟಿಕಲ್ಲುಗಳೆಲ್ಲವೂ ಇಂತಹ ಪಟ್ಟಿಯಲ್ಲಿ ಸೇರಿಲ್ಲ. ಅವುಗಳಿಗೆ ಕಾಯಿದೆಯ ಕಾವಲಿಲ್ಲ. ಊರವರ ಅರಿವೊಂದೇ ಕಾವಲು.

ಆದಕಾರಣ ಪ್ರತಿಷ್ಠಾ ಮಹೋತ್ಸವದ ಈ ಸಂಭ್ರಮದಲ್ಲಿ ಶ್ರಾವಕ ಸಮಾಜವು ಕೆಲವು ಕರ್ತವ್ಯಗಳನ್ನು ಸಂಕಲ್ಪರೂಪವಾಗಿ ಸ್ವೀಕರಿಸುವುದು ಉಚಿತ. ಬಸದಿಯ ಆವರಣದಲ್ಲಿಯೂ ಊರಿನ ಸುತ್ತಲೂ ಇರುವ ಶಾಸನ, ನಿಷಿಧಿ, ಮುಕ್ಕೊಡೆಯ ಕಲ್ಲುಗಳನ್ನು ಪಟ್ಟಿ ಮಾಡಿ, ಅವು ಇರುವ ಜಾಗವನ್ನು ಬರೆದು, ಭಾವಚಿತ್ರ ತೆಗೆಸಿ, ಒಂದು ಪ್ರತಿಯನ್ನು ಬಸದಿಯ ಭಂಡಾರದಲ್ಲಿಯೂ ಇನ್ನೊಂದನ್ನು ವಿದ್ವಾಂಸರ ಬಳಿಯಲ್ಲಿಯೂ ಇರಿಸಬೇಕು. ಯಾವ ಕಲ್ಲನ್ನೂ ಅದರ ನೆಲೆಯಿಂದ ಕದಲಿಸಬಾರದು. ನೆಲೆ ತಪ್ಪಿದ ಎಲ್ಲೆಗಲ್ಲು ಅರ್ಧ ಅರ್ಥವನ್ನು ಕಳೆದುಕೊಳ್ಳುತ್ತದೆ. ಅನಿವಾರ್ಯವಾಗಿ ಕದಲಿಸಬೇಕಾದರೆ ಮೊದಲು ಕಾಗದದ ಮೇಲೆ ಅಚ್ಚು ತೆಗೆಸಿ, ಇದ್ದ ಸ್ಥಳವನ್ನು ಬರೆದಿಡಬೇಕು. ಕಲ್ಲು ಅನ್ಯರ ಹೊಲದಲ್ಲಿದ್ದರೆ ಹೊಲದ ಒಡೆಯನೊಡನೆ ಪ್ರೀತಿಯಿಂದ ಮಾತನಾಡಿ, ಅದರ ಮಹತ್ತ್ವವನ್ನು ತಿಳಿಸಬೇಕು. ಭೂಮಿಯನ್ನು ಕೇಳಲು ಬಂದವರೆಂಬ ಶಂಕೆ ಅವನಲ್ಲಿ ಮೂಡದಂತೆ ನಡೆದುಕೊಳ್ಳಬೇಕು. ಪಾಠಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಈ ಕಲ್ಲುಗಳ ಬಳಿಗೆ ಕರೆದೊಯ್ದು, ಹಳಗನ್ನಡದ ನಾಲ್ಕು ಅಕ್ಷರಗಳನ್ನು ಬೆರಳಿನಿಂದ ಸವರಿಸಿ ಓದಿಸಬೇಕು.

ಹೊಸದಾಗಿ ಕೆತ್ತಿಸುವ ಬರಹದ ವಿಷಯದಲ್ಲಿಯೂ ಎಚ್ಚರ ಬೇಕು. ದಾನಿಗಳ ಹೆಸರನ್ನು ಬರೆಯುವುದು ತಪ್ಪಲ್ಲ. ಪೂರ್ವಿಕರು ಬರೆಯಿಸಿದುದರಿಂದಲೇ ಅವರ ದಾನಬುದ್ಧಿ ಇಂದಿಗೆ ಆದರ್ಶವಾಯಿತು. ಆದರೆ ಹೆಸರುಗಳ ಫಲಕವು ಹಳೆಯ ಶಾಸನವನ್ನು ಮರೆಮಾಡಬಾರದು. ಮಾನಸ್ತಂಭದ ಮೈಯನ್ನು ಆಕ್ರಮಿಸಬಾರದು. ಇಸವಿ, ಮಾಸ, ತಿಥಿ, ಪ್ರತಿಷ್ಠಾಚಾರ್ಯರು, ಶಿಲ್ಪಿ, ಹಿಂದೆ ಅಲ್ಲಿ ಇದ್ದುದೇನು, ಈಗ ಮಾಡಿದುದೇನು ಎಂಬುದನ್ನು ಸ್ಪಷ್ಟವಾದ ಕನ್ನಡದಲ್ಲಿ ಸಂಕ್ಷೇಪವಾಗಿ ಕೆತ್ತಿಸಿದರೆ, ಸಾವಿರ ವರ್ಷಗಳ ಬಳಿಕ ಓದುವವನು ಊಹೆಗೆ ಕೈಚಾಚಬೇಕಾಗಿಲ್ಲ. ಗೊಮ್ಮಟಮೂರ್ತಿಯ ಪಾದದಲ್ಲಿ ಇಸವಿಯೊಂದು ಇದ್ದಿದ್ದರೆ ಎಷ್ಟು ಚರ್ಚೆ ಉಳಿಯುತ್ತಿತ್ತು!

ಶಾಸನ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳುಂಟು. ಕಲ್ಲಿನ ಬರಹವೂ ಶಾಸನ; ಜಿನೇಶ್ವರನ ಉಪದೇಶವೂ ಶಾಸನ. ಪ್ರಾಚೀನ ಜೈನ ದಾನಪತ್ರಗಳು ಬಹುಮಟ್ಟಿಗೆ ಜಿನಶಾಸನದ ಸ್ತುತಿಯಿಂದಲೇ ಮೊದಲಾಗುತ್ತವೆ. ಕಲ್ಲಿನ ಶಾಸನವು ಉಪದೇಶದ ಶಾಸನಕ್ಕೆ ದಾರಿ ತೋರಿದರೆ ಮಾತ್ರ ಸಾರ್ಥಕ. ಅಹಿಂಸೆಯಿಲ್ಲದ ಊರಿನಲ್ಲಿ ಬಸದಿಯು ದಾರಿ ಕೇಳುವವರ ಗುರುತಾಗಿ ಮಾತ್ರ ಉಳಿದೀತು. ಮಾನವನ್ನು ಬಿಡದವರ ಮುಂದೆ ಮಾನಸ್ತಂಭವು ಬರಿಯ ಕಂಬವಾಗಿ ನಿಂತೀತು. ಊರಿನವರ ನಡೆಯನ್ನು ನೋಡಿ, ಇವರು ಬಸದಿಯ ಊರಿನವರು ಎಂದು ಪರಸ್ಥಳದವರು ಗುರುತಿಸುವಂತಾದರೆ ಈ ಪ್ರತಿಷ್ಠೆ ಪೂರ್ಣಗೊಂಡಂತೆ.

ಹಳೆಯ ಕಲ್ಲುಗಳು ಅಳಿಯದಿರಲಿ. ಹೊಸ ಕಲ್ಲುಗಳು ಅರ್ಥವನ್ನು ಉಳಿಸಿಕೊಳ್ಳಲಿ. ಜಿನಶಾಸನವು ಜಯವಂತವಾಗಲಿ. ಸರ್ವಜೀವರಿಗೂ ಮಂಗಳವಾಗಲಿ.